ರೈಲುದಾರಿಯ ದ್ರಷ್ಟಾರ ಫ್ರೀಡ್ರಿಕ್ ಲಿಸ್ಟ್

ಉಗಿಯಂತ್ರವನ್ನು ನಿರ್ಮಿಸಿದವರ ಹೆಸರುಗಳು ನಮಗೆಲ್ಲ ಶಾಲೆಯ ದಿನಗಳಿಂದಲೂ ಪರಿಚಿತ. ಆದರೆ ಹಳಿಗಳು ಯಾವ ಊರಿನಿಂದ ಯಾವ ಊರಿಗೆ ಹೋಗಬೇಕು, ಯಾವ ನದಿಯ ದಡದಲ್ಲಿ ದೋಣಿಯನ್ನು ಸಂಧಿಸಬೇಕು, ಒಂದು ರಾಜ್ಯದ ದಾರಿ ನೆರೆರಾಜ್ಯದ ದಾರಿಯೊಡನೆ ಎಲ್ಲಿ ಕೂಡಬೇಕು ಎಂದು ಚಿಂತಿಸಿದವರನ್ನು ನೆನೆಯುವವರು ವಿರಳ. ಯಂತ್ರವನ್ನು ಕಟ್ಟುವುದು ಒಂದು ವಿದ್ಯೆ; ಅದು ನಾಡಿನ ಉಪಯೋಗಕ್ಕೆ ಬರುವಂತೆ ದಾರಿಗಳನ್ನು ಹೆಣೆಯುವುದು ಇನ್ನೊಂದು ವಿದ್ಯೆ. ಈ ಎರಡನೆಯ ವಿದ್ಯೆಯ ಮೊದಲಿಗರಲ್ಲಿ ಒಬ್ಬನಾಗಿ, ಅದಕ್ಕಾಗಿ ತನ್ನ ಬಾಳನ್ನೇ ಸವೆಸಿದವನು ಜರ್ಮನಿಯ ಫ್ರೀಡ್ರಿಕ್ ಲಿಸ್ಟ್. ಅರ್ಥಶಾಸ್ತ್ರವನ್ನು ಓದುವವರು ಇವನನ್ನು ರಕ್ಷಣಾ ಸುಂಕದ ಪ್ರತಿಪಾದಕನೆಂದು ಬಲ್ಲರು. ಅವನ ಜೀವನದ ಇನ್ನೊಂದು ಮುಖ ಅಷ್ಟಾಗಿ ತಿಳಿದಿಲ್ಲ.

ಲಿಸ್ಟನು 1789ರಲ್ಲಿ ದಕ್ಷಿಣ ಜರ್ಮನಿಯ ರಾಯ್ಟ್‌ಲಿಂಗೆನ್ ಎಂಬ ಊರಿನಲ್ಲಿ ಜನಿಸಿದನು. ತಂದೆಯದು ಚರ್ಮ ಹದಮಾಡುವ ಕಸುಬು. ಮಗನಿಗೆ ಅದು ಹಿಡಿಸಲಿಲ್ಲ. ವುರ್ಟೆಂಬರ್ಗ್ ಸಂಸ್ಥಾನದ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿ, ಸ್ವಂತ ಪರಿಶ್ರಮದಿಂದ ಮೇಲೇರಿ, 1817ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕನಾದನು.

ಅಂದಿನ ಜರ್ಮನಿಯು ಒಂದು ರಾಷ್ಟ್ರವಾಗಿರಲಿಲ್ಲ. ದೊಡ್ಡವೂ ಚಿಕ್ಕವೂ ಆದ 39 ಸಂಸ್ಥಾನಗಳ ಒಕ್ಕೂಟವಾಗಿತ್ತು. ಪ್ರತಿಯೊಂದು ಎಲ್ಲೆಯಲ್ಲಿಯೂ ಸುಂಕದ ಕಟ್ಟೆ. ಬರ್ಲಿನ್ನಿನಿಂದ ಸ್ವಿಟ್ಜರ್ಲೆಂಡಿಗೆ ಸರಕು ಕಳುಹಿಸುವ ವರ್ತಕನು ಹತ್ತು ಸಂಸ್ಥಾನಗಳನ್ನು ದಾಟಬೇಕಾಗಿತ್ತು. ಹತ್ತು ಬಗೆಯ ಕಾನೂನುಗಳನ್ನು ತಿಳಿದು ಹತ್ತು ಸಲ ಸುಂಕ ತೆರಬೇಕಾಗಿತ್ತು. 1819ರಲ್ಲಿ ಲಿಸ್ಟನು ಫ್ರಾಂಕ್‌ಫರ್ಟಿನಲ್ಲಿ ವರ್ತಕರನ್ನೂ ಕೈಗಾರಿಕೋದ್ಯಮಿಗಳನ್ನೂ ಒಂದು ಸಂಘವಾಗಿ ಕೂಡಿಸಿ, ಒಳನಾಡಿನ ಈ ಸುಂಕಗಳನ್ನೆಲ್ಲ ತೆಗೆದುಹಾಕಬೇಕೆಂದು ಒಕ್ಕೂಟದ ಸಭೆಗೆ ಬಿನ್ನವತ್ತಳೆಯನ್ನು ಒಪ್ಪಿಸಿದನು. ಇದರಿಂದ ಸರ್ಕಾರದ ಅಸಮಾಧಾನಕ್ಕೆ ಗುರಿಯಾಗಿ ಪ್ರಾಧ್ಯಾಪಕ ಪದವಿಯನ್ನು ಬಿಡಬೇಕಾಯಿತು.

ಮುಂದೆ ವುರ್ಟೆಂಬರ್ಗಿನ ಶಾಸನಸಭೆಗೆ ಆಯ್ಕೆಯಾದ ಲಿಸ್ಟನು 1821ರಲ್ಲಿ ಅಲ್ಲಿನ ಅಧಿಕಾರಿವರ್ಗದ ದಬ್ಬಾಳಿಕೆಯನ್ನು ಬಯಲಿಗೆಳೆದು ಒಂದು ಮನವಿಯನ್ನು ಸಿದ್ಧಪಡಿಸಿದನು. ಅದರ ಫಲವಾಗಿ ಸಭೆಯಿಂದ ಹೊರದೂಡಲ್ಪಟ್ಟನು. ಹತ್ತು ತಿಂಗಳ ಸೆರೆವಾಸದ ಶಿಕ್ಷೆಯೂ ಆಯಿತು. ಕೆಲಕಾಲ ತಲೆಮರೆಸಿಕೊಂಡು ಫ್ರಾನ್ಸ್, ಸ್ವಿಟ್ಜರ್ಲೆಂಡುಗಳಲ್ಲಿ ಅಲೆದು, 1824ರಲ್ಲಿ ಹಿಂದಿರುಗಿದಾಗ ಅವನನ್ನು ಹೋಹೆನ್‌ಆಸ್ಪರ್ಗ್ ಕೋಟೆಯಲ್ಲಿ ಇಟ್ಟರು. ನಾಡನ್ನೇ ಬಿಟ್ಟು ಅಮೆರಿಕಕ್ಕೆ ಹೋಗುವುದಾಗಿ ಒಪ್ಪಿದ ಮೇಲೆ 1825ರಲ್ಲಿ ಬಿಡುಗಡೆಯಾಯಿತು. ಹೆಂಡತಿ ಮಕ್ಕಳೊಡನೆ ಅವನು ಹಡಗನ್ನೇರಿದನು.

ಪೆನ್ಸಿಲ್ವೇನಿಯದಲ್ಲಿ ಮೊದಲು ಹೊಲ ಕೊಂಡು ಬೇಸಾಯಕ್ಕೆ ನಿಂತನು, ಅದು ಕೈಹತ್ತಲಿಲ್ಲ. ಬಳಿಕ ರೆಡಿಂಗ್ ಪಟ್ಟಣದಲ್ಲಿ ಜರ್ಮನ್ ಪತ್ರಿಕೆಯೊಂದರ ಸಂಪಾದಕನಾದನು. ಆ ದಿನಗಳಲ್ಲಿ ಟಮಾಕ್ವ ಎಂಬಲ್ಲಿಯ ಬೆಟ್ಟಗಳಲ್ಲಿ ಕಲ್ಲಿದ್ದಲಿನ ನಿಕ್ಷೇಪ ಅವನ ಕಣ್ಣಿಗೆ ಬಿದ್ದಿತು. ಇದ್ದಲೇನೋ ಇದ್ದಿತು, ಅದನ್ನು ಬೆಟ್ಟದಿಂದ ಇಳಿಸಿ ಫಿಲಡೆಲ್ಫಿಯಕ್ಕೆ ಮುಟ್ಟಿಸುವುದು ಹೇಗೆ? ಸ್ಕೂಲ್ಕಿಲ್ ನದಿಯ ಬದಿಗೆ ಆಗಲೇ ಕಾಲುವೆಯೊಂದಿತ್ತು. ಗಣಿಯಿಂದ ಕಾಲುವೆಯ ದಡದಲ್ಲಿದ್ದ ಪೋರ್ಟ್ ಕ್ಲಿಂಟನ್ನಿನವರೆಗೆ ಸುಮಾರು 20 ಮೈಲಿ ರೈಲುಹಳಿ ಹಾಕಿ, ಅಲ್ಲಿಂದ ಮುಂದೆ ಇದ್ದಲನ್ನು ದೋಣಿಗಳಲ್ಲಿ ಸಾಗಿಸುವ ಏರ್ಪಾಡನ್ನು ಲಿಸ್ಟನೂ ಅವನ ಪಾಲುದಾರರೂ ಕೈಗೊಂಡರು. 1831ರಲ್ಲಿ ಆ ದಾರಿ ತೆರೆಯಿತು.

ಲಿಸ್ಟನು ಕಲಿತ ಪಾಠ ಇಲ್ಲಿಯೇ ಇದೆ. ರೈಲಿನ ಬೆಲೆ ರೈಲಿನಲ್ಲಿಯೇ ಇಲ್ಲ. ಅದು ಮುಂದಿನ ದಾರಿಯನ್ನು ಕೂಡುವ ಸ್ಥಳದಲ್ಲಿದೆ. ಕಾಲುವೆಯಿಲ್ಲದೆ ಆ ಹಳಿ ಬೆಟ್ಟದ ಬುಡದಲ್ಲಿಯೇ ನಿಲ್ಲುತ್ತಿತ್ತು. ಹಳಿಯಿಲ್ಲದೆ ಕಾಲುವೆಗೆ ಆ ಬೆಟ್ಟದ ಇದ್ದಲು ದೊರೆಯುತ್ತಿರಲಿಲ್ಲ.

ಇದ್ದಲಿನಿಂದ ಕೈಯಲ್ಲಿ ಹಣವೂ ಸೇರಿತ್ತು. ಆದರೆ ಮನಸ್ಸು ತಾಯ್ನಾಡಿನಲ್ಲಿತ್ತು. ಅಮೆರಿಕದ ಪ್ರಜೆಯಾಗಿ, ಮುಂದೆ ಅದರ ಕಾನ್ಸಲ್ ಅಧಿಕಾರವನ್ನೂ ಪಡೆದು, ಲಿಸ್ಟನು ಜರ್ಮನಿಗೆ ಮರಳಿದನು. ಸ್ಯಾಕ್ಸನಿಯ ಲೈಪ್‌ಜಿಗ್ ನಗರದಲ್ಲಿ ನೆಲೆಸಿದನು. ಲೈಪ್‌ಜಿಗ್ ಯೂರೋಪಿನಲ್ಲೆಲ್ಲ ಹೆಸರಾದ ಜಾತ್ರೆಗಳ ಊರು. ಆದರೆ ಅದಕ್ಕೆ ಹಡಗು ಸಾಗುವ ನದಿಯಿಲ್ಲ. ಸರಕೆಲ್ಲ ಕುದುರೆಗಾಡಿಗಳಲ್ಲಿಯೇ ಬರಬೇಕು. 1833ರಲ್ಲಿ ಲಿಸ್ಟನು ಒಂದು ಕಿರುಹೊತ್ತಗೆಯನ್ನು ಪ್ರಕಟಿಸಿದನು. ಲೈಪ್‌ಜಿಗ್ಗಿನಿಂದ ಡ್ರೆಸ್ಡೆನ್ನಿಗೆ ಒಂದು ರೈಲುದಾರಿ ಬೇಕೆಂಬುದು ಅದರ ಹೊರ ವಿಷಯ. ಆದರೆ ಅದರೊಡನೆ ಒಂದು ನಕ್ಷೆಯಿತ್ತು. ಹ್ಯಾಂಬರ್ಗ್, ಬ್ರೆಮೆನ್ ಬಂದರುಗಳಿಂದ ಬರ್ಲಿನ್, ಲೈಪ್‌ಜಿಗ್, ಫ್ರಾಂಕ್‌ಫರ್ಟ್, ಮ್ಯೂನಿಕ್, ಬಾಸೆಲ್ ಮೊದಲಾದ ನಗರಗಳವರೆಗೆ ಇಡೀ ಜರ್ಮನಿಯನ್ನು ಹೆಣೆಯುವ ಗೆರೆಗಳು ಅದರಲ್ಲಿದ್ದವು. ಆಗ ಜರ್ಮನಿಯಲ್ಲಿ ಉಗಿಬಂಡಿಯ ದಾರಿ ಒಂದು ಮೈಲಿಯೂ ಇರಲಿಲ್ಲವೆಂಬುದನ್ನು ನೆನೆದರೆ ಆ ನಕ್ಷೆಯ ಧೈರ್ಯ ತಿಳಿಯುತ್ತದೆ.

ಅವನ ವಾದವೂ ಸರಳವಾಗಿತ್ತು. ರೈಲು ಶ್ರೀಮಂತರ ವಿಹಾರಕ್ಕಾಗಿ ಅಲ್ಲ. ಧಾನ್ಯ, ಮಾಂಸ, ಸೌದೆ, ಇದ್ದಲು, ಕಟ್ಟಡದ ಸಾಮಾನು ಇವು ಅಗ್ಗವಾಗಿ ಸಾಗಿದರೆ ಬಡವನ ಮನೆಯ ಖರ್ಚು ಇಳಿಯುತ್ತದೆ ಎಂಬುದೇ ಅದರ ತಿರುಳು.

1834ರ ಜನವರಿ 1ರಂದು ಪ್ರಷ್ಯದ ಮುಂದಾಳುತನದಲ್ಲಿ ಸುಂಕ ಒಕ್ಕೂಟವು ಜಾರಿಗೆ ಬಂದಿತು. ಸುಂಕದ ಕಟ್ಟೆಗಳು ಬಿದ್ದವು. ಇನ್ನು ದಾರಿಗಳು ಏಳಬೇಕು. 1835ರಲ್ಲಿ ನ್ಯೂರೆಂಬರ್ಗ್‌ನಿಂದ ಫ್ಯೂರ್ತ್‌ಗೆ 6 ಕಿಲೋಮೀಟರಿನ ಚಿಕ್ಕ ರೈಲುದಾರಿ ಮೊದಲಾಯಿತು. ಲೈಪ್‌ಜಿಗ್-ಡ್ರೆಸ್ಡೆನ್ ದಾರಿಯ ಮೊದಲ ತುಂಡು 1837ರಲ್ಲಿಯೂ, ಸುಮಾರು 115 ಕಿಲೋಮೀಟರಿನ ಪೂರ್ಣ ದಾರಿ 1839ರ ಏಪ್ರಿಲಿನಲ್ಲಿಯೂ ತೆರೆದವು. ರೀಸಾ ಎಂಬಲ್ಲಿ ಅದು ಎಲ್ಬ ನದಿಯನ್ನು ದಾಟುತ್ತದೆ. ನದಿಯಿಲ್ಲದ ಜಾತ್ರೆಯ ಊರಿಗೆ ಹೀಗೆ ನದಿಯೂ ದೊರೆಯಿತು. ಕಂಪನಿಯ ಷೇರುಗಳು ಕೈಬಿಸಿಯಲ್ಲಿ ಮಾರಾಟವಾದವು. ಆದರೆ ಅದನ್ನು ಕನಸಿ, ಬರೆದು, ಜನರ ಮನವೊಲಿಸಿದ ಲಿಸ್ಟನಿಗೆ ಒಂದಿಷ್ಟು ಗೌರವಧನವಲ್ಲದೆ ತಕ್ಕ ಹುದ್ದೆ ಸಿಗಲಿಲ್ಲ. ಇದೇ ಹೊತ್ತಿಗೆ, 1837ರಲ್ಲಿ, ಅಮೆರಿಕದ ಬ್ಯಾಂಕುಗಳ ಮುಗ್ಗಟ್ಟಿನಿಂದ ಅಲ್ಲಿದ್ದ ಆಸ್ತಿಯೂ ಕರಗಿತು. ನೊಂದು ಪ್ಯಾರಿಸ್ಸಿಗೆ ಹೋದನು.

1840ರಲ್ಲಿ ಹಿಂದಿರುಗಿದಾಗ ಮತ್ತೊಂದು ಕಾರ್ಯ ಅವನನ್ನು ಕಾದಿತ್ತು. ತೂರಿಂಗಿಯದ ಚಿಕ್ಕ ಸಂಸ್ಥಾನಗಳನ್ನು ಬದಿಗಿಟ್ಟು ಅವುಗಳ ಉತ್ತರದಲ್ಲಿ ರೈಲುದಾರಿ ಹಾಯಿಸುವ ಆಲೋಚನೆ ಪ್ರಷ್ಯದಲ್ಲಿ ನಡೆದಿತ್ತು. ಒಂಟಿಯಾಗಿ ನಿಂತರೆ ಎಲ್ಲರೂ ದಾರಿ ತಪ್ಪುವಿರಿ, ಕೂಡಿ ಕೇಳಿದರೆ ಎಲ್ಲರಿಗೂ ದೊರೆಯುವುದು ಎಂದು ಲಿಸ್ಟನು ಆ ಅರಸರಿಗೆ ತಿಳಿಯಹೇಳಿದನು. ಅವರು ಒಪ್ಪಂದ ಮಾಡಿಕೊಂಡರು. ಯೇನಾ ವಿಶ್ವವಿದ್ಯಾನಿಲಯವು ಅವನಿಗೆ ಗೌರವ ಡಾಕ್ಟರ್ ಪದವಿಯನ್ನಿತ್ತಿತು.

ಕೂಡಿ ಯೋಚಿಸದಿದ್ದರೆ ಏನಾಗುವುದೆಂಬುದಕ್ಕೆ ಅದೇ ವರ್ಷದ ಇನ್ನೊಂದು ನಿದರ್ಶನವಿದೆ. ಬಾಡೆನ್ ಸಂಸ್ಥಾನವು ನೆರೆಯವರೆಲ್ಲ 1435 ಮಿಲಿಮೀಟರ್ ಅಗಲದ ಹಳಿ ಹಾಕುತ್ತಿದ್ದಾಗ ತಾನು 1600 ಮಿಲಿಮೀಟರಿನ ಹಳಿ ಹಾಕಿತು. ಗಡಿಯಲ್ಲಿ ಸರಕನ್ನು ಒಂದು ವ್ಯಾಗನ್ನಿನಿಂದ ಇಳಿಸಿ ಇನ್ನೊಂದಕ್ಕೆ ಹೇರಬೇಕಾಯಿತು. ಕೊನೆಗೆ 1854-55ರಲ್ಲಿ ತನ್ನ ಹಳಿಗಳನ್ನೆಲ್ಲ ಕಿತ್ತು ಹೊಸದಾಗಿ ಹಾಕಿಸಿತು. ನಮ್ಮಲ್ಲಿಯೂ 1990ರ ದಶಕದವರೆಗೆ ಮದರಾಸಿನ ಅಗಲ ಹಳಿಯ ಸರಕು ಮೈಸೂರಿನ ಮೀಟರ್ ಹಳಿಗೆ ಬೆಂಗಳೂರಿನಲ್ಲಿ ಕೂಲಿಯವರ ಹೆಗಲ ಮೇಲೆ ದಾಟಬೇಕಾಗಿತ್ತೆಂಬುದನ್ನು ಹಿರಿಯರು ಬಲ್ಲರು.

1841ರಲ್ಲಿ ಲಿಸ್ಟನ ಮುಖ್ಯ ಗ್ರಂಥವಾದ ರಾಷ್ಟ್ರೀಯ ಅರ್ಥವ್ಯವಸ್ಥೆಯ ವಿಚಾರದ ಪುಸ್ತಕ ಹೊರಬಂದಿತು. ಹೆಸರು ಬಂದಿತು, ನೆಲೆ ಬರಲಿಲ್ಲ. ಮಗನೊಬ್ಬನು ಫ್ರೆಂಚ್ ಸೈನ್ಯಕ್ಕೆ ಸೇರಿ ಆಲ್ಜೀರಿಯದಲ್ಲಿ ತೀರಿಕೊಂಡಿದ್ದನು. ಆರೋಗ್ಯ ಕುಂದಿತು, ನಾಳಿನ ಚಿಂತೆ ಕಾಡಿತು. 1846ರಲ್ಲಿ ಇಂಗ್ಲೆಂಡಿಗೆ ಹೋಗಿ ನಿರಾಶನಾಗಿ ಬಂದನು. ಅದೇ ವರ್ಷ ನವೆಂಬರ್ 30ರಂದು ಟಿರೋಲ್ ಪ್ರಾಂತದ ಕುಫ್‌ಸ್ಟೈನಿನಲ್ಲಿ ಹಿಮದ ನಡುವೆ ತನ್ನ ಪ್ರಾಣವನ್ನು ತಾನೇ ತೆಗೆದುಕೊಂಡನು. ಅವನು ಹೋರಾಡಿದ ತೂರಿಂಗಿಯದ ರೈಲು ಮರುವರ್ಷ ಐಸೆನಾಖ್‌ವರೆಗೆ ಓಡಿತು.

ಲಿಸ್ಟನನ್ನು ಹೊಗಳುವಾಗ ಅವನ ದೋಷವನ್ನೂ ಹೇಳುವುದು ನ್ಯಾಯ. ಉಷ್ಣವಲಯದ ನಾಡುಗಳು ಕೈಗಾರಿಕೆಗೆ ತಕ್ಕವಲ್ಲ, ಅವು ಕಚ್ಚಾ ಸಾಮಗ್ರಿಯನ್ನು ಬೆಳೆದುಕೊಟ್ಟರೆ ಸಾಕೆಂದು ಅವನು ನಂಬಿದ್ದನು. ತನ್ನ ನಾಡಿಗೆ ಬೇಡಿದ್ದನ್ನು ನಮ್ಮಂಥ ನಾಡುಗಳಿಗೆ ನಿರಾಕರಿಸಿದನು. 1892ರಲ್ಲಿ ಪುಣೆಯಲ್ಲಿ ಭಾರತದ ಅರ್ಥಶಾಸ್ತ್ರವನ್ನು ಕುರಿತು ಉಪನ್ಯಾಸ ಮಾಡಿದ ಮಹಾದೇವ ಗೋವಿಂದ ರಾನಡೆಯವರು ಲಿಸ್ಟನ ತತ್ತ್ವವನ್ನು ಆದರದಿಂದ ಸ್ವೀಕರಿಸಿದರು. ಆದರೆ ಈ ಭೇದವನ್ನು ಒಪ್ಪಲಿಲ್ಲ. ಗುರುವಿನ ವಿದ್ಯೆಯನ್ನು ಪಡೆದು ಗುರುವಿನ ಮಿತಿಯನ್ನು ದಾಟಿದ ಶಿಷ್ಯತ್ವವದು.

ಲೈಪ್‌ಜಿಗ್ಗಿನಂತೆ ನಮ್ಮ ಬೆಂಗಳೂರಿಗೂ ಹಡಗು ಸಾಗುವ ನದಿಯಿಲ್ಲ, ಕಡಲಿಲ್ಲ. ಆದರೂ ಭಾರತದ ಮೊತ್ತಮೊದಲ ಒಳನಾಡು ಕಂಟೇನರ್ ಡಿಪೋ 1981ರಲ್ಲಿ ತೆರೆದದ್ದು ಈ ಊರಿನಲ್ಲಿಯೇ. ಸುಂಕದ ತಪಾಸಣೆ ಅಲ್ಲಿಯೇ ಮುಗಿದು ಮೊಹರಾದ ಪೆಟ್ಟಿಗೆ ನಡುದಾರಿಯಲ್ಲಿ ಬಿಚ್ಚದೆ ರೈಲಿನಲ್ಲಿ ಬಂದರನ್ನು ಮುಟ್ಟಿ, ಹಾಗೆಯೇ ಹಡಗನ್ನೇರುತ್ತದೆ. ಲಾರಿ, ರೈಲು, ಹಡಗು ಮೂರೂ ಒಂದೇ ದಾರಿಯ ತುಂಡುಗಳಾಗುತ್ತವೆ. ಹತ್ತು ಕಟ್ಟೆಗಳಲ್ಲಿ ಮೂಟೆ ಬಿಚ್ಚಿ ತೋರಿಸುತ್ತಿದ್ದ ಕಾಲದ ಲಿಸ್ಟನು ಇದನ್ನು ಕಂಡಿದ್ದರೆ ಬೆರಗಾಗುತ್ತಿರಲಿಲ್ಲ. ತನ್ನ ನಕ್ಷೆಯ ಮುಂದುವರಿಕೆಯೆಂದೇ ಗುರುತಿಸುತ್ತಿದ್ದನು. ತನ್ನ ಊರಿನ ಲಾಭವನ್ನು ಎಲ್ಲರೂ ಬೇಡುತ್ತಾರೆ. ಊರೂರುಗಳು ಕೂಡುವ ಸ್ಥಳವನ್ನು ಕುರಿತು ಚಿಂತಿಸುವವನಿಗೆ ಸ್ವಂತ ಊರೇ ಇಲ್ಲದಂತಾಗುವುದು ಲೋಕದ ರೀತಿ. ಆ ರೀತಿಯನ್ನು ಬದಲಿಸುವುದು ನಮ್ಮಂಥ ಕಿರಿಯರ ಹೊಣೆ.