ಜಗನ್ನಾಥ ಶಂಕರಶೇಟರು

ಧನವನ್ನು ಗಳಿಸುವವರು ಲೋಕದಲ್ಲಿ ಅನೇಕರು. ಜನರ ನಂಬಿಕೆಯನ್ನು ಗಳಿಸುವವರು ವಿರಳ. ಎರಡನ್ನೂ ಗಳಿಸಿ, ಎರಡನ್ನೂ ಲೋಕೋಪಕಾರಕ್ಕೆ ವಿನಿಯೋಗಿಸಿದ ಪುಣ್ಯಜೀವಿಗಳಲ್ಲಿ ಮುಂಬಯಿಯ ಜಗನ್ನಾಥ ಶಂಕರಶೇಟರು ಒಬ್ಬರು. ನಾನಾ ಎಂಬುದು ಜನರು ಇವರನ್ನು ಕರೆಯುತ್ತಿದ್ದ ಹೆಸರು.

1803ನೆಯ ಇಸವಿಯಲ್ಲಿ ಸಿರಿವಂತ ವರ್ತಕರ ಮನೆತನದಲ್ಲಿ ಇವರ ಜನನವಾಯಿತು. 1822ರಲ್ಲಿ ತಂದೆಯವರು ಕಾಲವಾಗಲು, ಇನ್ನೂ ಇಪ್ಪತ್ತು ತುಂಬದ ತರುಣನ ಹೆಗಲ ಮೇಲೆ ವ್ಯಾಪಾರದ ಭಾರವೆಲ್ಲ ಬಿದ್ದಿತು. ಅದನ್ನು ಅವರು ಲೋಪವಿಲ್ಲದೆ ಹೊತ್ತರು. ಅರಬ ಹಾಗೂ ಅಫಘಾನ ವರ್ತಕರು ತಮ್ಮ ಹಣವನ್ನು ಬ್ಯಾಂಕುಗಳಲ್ಲಿಡದೆ ಇವರ ವಶಕ್ಕೆ ಕೊಟ್ಟು ನಿಶ್ಚಿಂತರಾಗಿರುತ್ತಿದ್ದರು. ಈ ವಿಶ್ವಾಸವೇ ಅವರ ನಿಜವಾದ ಬಂಡವಾಳವಾಯಿತು.

ವಿದ್ಯಾಪ್ರಸಾರವು ಅವರಿಗೆ ಅತ್ಯಂತ ಪ್ರಿಯವಾದ ಕಾರ್ಯ. ಮುಂಬಯಿ ಪ್ರಾಂತದ ಶಿಕ್ಷಣ ಮಂಡಳಿಯಲ್ಲಿ ಅವರು ಸದಸ್ಯರಾಗಿದ್ದಾಗ, ಅಧ್ಯಕ್ಷರಾದ ಎರ್ಸ್ಕಿನ್ ಪೆರ್ರಿಯವರು ಇಂಗ್ಲಿಷನ್ನೇ ಬೋಧನ ಭಾಷೆಯಾಗಿಸಬೇಕೆಂದು ಹಟ ಹಿಡಿದರು. ಪರಭಾಷೆಯಿಂದ ಕೆಲವರು ಮಾತ್ರ ವಿದ್ಯಾವಂತರಾದಾರು, ಬಹುಜನರಿಗೆ ಅರಿವು ಮುಟ್ಟಬೇಕಾದರೆ ದೇಶಭಾಷೆಯೇ ದ್ವಾರವೆಂದು ಶಂಕರಶೇಟರು 1847ರಲ್ಲಿ ಲಿಖಿತವಾಗಿ ವಾದಿಸಿದರು. ಧಾರವಾಡ, ಬೆಳಗಾವಿಗಳು ಆಗ ಅದೇ ಪ್ರಾಂತಕ್ಕೆ ಸೇರಿದ್ದುದರಿಂದ ಈ ವಾದವು ಕನ್ನಡಿಗರಿಗೂ ಸಂಬಂಧಪಟ್ಟುದಾಗಿತ್ತು. ಸ್ತ್ರೀಶಿಕ್ಷಣವನ್ನು ಸಮಾಜವು ಶಂಕೆಯಿಂದ ನೋಡುತ್ತಿದ್ದ ಆ ದಿನಗಳಲ್ಲಿ ಹೆಣ್ಣುಮಕ್ಕಳ ಶಾಲೆಗೆ ಅವರು ತಮ್ಮ ಸ್ವಂತ ನಿವೇಶನದಲ್ಲಿಯೇ ಎಡೆಗೊಟ್ಟರು.

1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಓಡಿದ ಉಗಿಬಂಡಿಯ ಹಿಂದೆಯೂ ಅವರ ಹಲವು ವರ್ಷಗಳ ಪರಿಶ್ರಮವಿತ್ತು. ಅದಕ್ಕೆ ಮುಂಚಿನ ವರ್ಷ ಸ್ಥಾಪಿತವಾದ ಬಾಂಬೆ ಅಸೋಸಿಯೇಶನ್ನಿನ ಮುಂದಾಳಾಗಿ, ಶಾಸನಕಾರ್ಯದಲ್ಲಿ ಭಾರತೀಯರಿಗೂ ಸ್ಥಾನ ದೊರೆಯಬೇಕೆಂದು ಬ್ರಿಟಿಷ್ ಪಾರ್ಲಿಮೆಂಟಿಗೆ ಸಲ್ಲಿಸಿದ ಮನವಿಯಲ್ಲಿ ಅವರು ಭಾಗಿಗಳಾದರು.

ಅವರ ಕೀರ್ತಿಗೆ ಕಠಿನ ಪರೀಕ್ಷೆಯೂ ಬಂದಿತು. 1857ರ ದಂಗೆಯ ಸಮಯದಲ್ಲಿ ಬಂಡಾಯಗಾರರೊಡನೆ ಸಂಬಂಧವುಂಟೆಂದು ಸರಕಾರವು ಅವರನ್ನು ಸಂಶಯಿಸಿತು. ಯಾವ ಸಾಕ್ಷ್ಯವೂ ದೊರೆಯಲಿಲ್ಲ. ಐದೇ ವರ್ಷಗಳಲ್ಲಿ ಅದೇ ಸರಕಾರವು, 1861ರ ಕಾಯಿದೆಯಂತೆ ರಚಿತವಾದ ಮುಂಬಯಿ ಶಾಸನಸಭೆಗೆ ಅವರನ್ನು ನಾಮಕರಣ ಮಾಡಿತು. ಭಾರತೀಯರು ಆ ಸಭೆಯಲ್ಲಿ ಕುಳಿತುದು ಅದೇ ಮೊದಲು. ಆಯವ್ಯಯವನ್ನು ಚರ್ಚಿಸುವ ಅಧಿಕಾರವಾಗಲಿ ಪ್ರಶ್ನೆ ಕೇಳುವ ಹಕ್ಕಾಗಲಿ ಆಗ ಸದಸ್ಯರಿಗಿರಲಿಲ್ಲ. ಆದರೂ ಮುಚ್ಚಿದ್ದ ಬಾಗಿಲೊಂದು ತೆರೆಯಿತು, ಬೇಡಿದವರೇ ಒಳಹೊಕ್ಕರು.

1865ರ ಜುಲೈ 31ರಂದು ಅವರು ದೇಹವಿಟ್ಟರು. ಮುಂಬಯಿಯ ಟೌನ್ ಹಾಲಿನಲ್ಲಿ ಅವರ ಅಮೃತಶಿಲೆಯ ಪ್ರತಿಮೆಯಿದೆ. ಪರರು ಇಟ್ಟ ಹಣವನ್ನು ಕಾಸು ಕುಂದದಂತೆ ಕಾಯ್ದ ವರ್ತಕನು, ಜನರು ಇಟ್ಟ ಭರವಸೆಯನ್ನೂ ಹಾಗೆಯೇ ಕಾಯ್ದನು. ಅಧಿಕಾರದ ಪೀಠವನ್ನೇರುವವರು ಮೊದಲು ತಮ್ಮ ಅಂಗಡಿಯಲ್ಲಿ ಪ್ರಾಮಾಣಿಕರಾಗಿರಬೇಕೆಂಬುದೇ ಅವರ ಜೀವಿತವು ನಮಗೆ ಕೊಡುವ ಪಾಠ.