ಎಂಬತ್ತರಲ್ಲೂ ಕಾಡಿಗೆ ಹೊರಟವರು: ಸಲೀಂ ಅಲಿ

ಪಕ್ಷಿತಜ್ಞ ಸಲೀಂ ಅಲಿಯವರ ಹೆಸರನ್ನು ನಾವೆಲ್ಲ ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ ಓದಿದ್ದೇವೆ. ಅವರ ಹಕ್ಕಿಗಳ ಬಗ್ಗೆ ಬಹಳ ಜನ ಬರೆದಿದ್ದಾರೆ. ಅವರು ವಯಸ್ಸಾದ ಮೇಲೆ ಹೇಗೆ ಬದುಕಿದರು ಎಂಬುದರ ಬಗ್ಗೆ ನಾನು ಬರೆಯುತ್ತಿದ್ದೇನೆ.

ಅವರು ಹುಟ್ಟಿದ್ದು 1896ರ ನವೆಂಬರ್ 12ರಂದು, ಮುಂಬೈಯಲ್ಲಿ. ಒಂದು ವರ್ಷದ ಮಗುವಾಗಿದ್ದಾಗ ತಂದೆ, ಮೂರನೇ ವರ್ಷದಲ್ಲಿ ತಾಯಿ ತೀರಿಕೊಂಡರು. ಸಾಕಿದವರು ಸೋದರಮಾವ. ಬಾಲಕ ಸಲೀಂ ಗಟ್ಟಿಮುಟ್ಟಾಗಿರಲಿಲ್ಲ. ಹದಿಮೂರರ ಸುಮಾರಿಗೆ ಶುರುವಾದ ತಲೆನೋವಿನಿಂದ ಶಾಲೆ ಮತ್ತೆ ಮತ್ತೆ ತಪ್ಪುತ್ತಿತ್ತು. ಒಣ ಹವೆ ಒಳ್ಳೆಯದೆಂದು ಸಿಂಧ್ ಪ್ರಾಂತ್ಯಕ್ಕೆ ಕಳಿಸಿದರು. 1913ರಲ್ಲಿ ಮೆಟ್ರಿಕ್ ಪರೀಕ್ಷೆಯನ್ನು ಹೇಗೋ ಪಾಸು ಮಾಡಿದರು. ಕಾಲೇಜಿನಲ್ಲಿ ಗಣಿತ ಕೈಕೊಟ್ಟಿತು, ಬರ್ಮಾಕ್ಕೆ ಹೊರಟುಹೋದರು.

ಕಾಮರ್ಸ್ ವಿದ್ಯಾರ್ಥಿಯಾದ ನನಗೆ ಖುಷಿ ಕೊಟ್ಟ ವಿಷಯ ಇದು: 1917ರಲ್ಲಿ ವಾಪಸು ಬಂದ ಅವರು ದಾವರ್ಸ್ ಕಾಲೇಜಿನಲ್ಲಿ ವಾಣಿಜ್ಯ ಕಾನೂನು ಮತ್ತು ಲೆಕ್ಕಶಾಸ್ತ್ರ ಓದಿದರು. ಜೊತೆಗೇ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿತರು.

1939ರಲ್ಲಿ ಪತ್ನಿ ತೆಹಮಿನಾ ತೀರಿಕೊಂಡರು. ಅವರಿಗೆ ಮಕ್ಕಳಿರಲಿಲ್ಲ. ಸೋದರಿ ಮತ್ತು ಭಾವ ತಮ್ಮ ಮನೆಗೆ ಕರೆದುಕೊಂಡರು. ಆ ದುಃಖದ ದಿನಗಳಲ್ಲೂ ಅವರು ಮನೆಯಲ್ಲಿ ಕೂರಲಿಲ್ಲ. ನಮ್ಮ ಮೈಸೂರು ಸಂಸ್ಥಾನದ ಪಕ್ಷಿ ಸಮೀಕ್ಷೆಗೆ ಊರೂರು ತಿರುಗಿದರು. ರಂಗನತಿಟ್ಟಿನ ಕಾವೇರಿ ನಡುಗಡ್ಡೆಗಳಲ್ಲಿ ಗೂಡು ಕಟ್ಟುವ ಹಕ್ಕಿಗಳನ್ನು ಕಂಡು, ಆ ಜಾಗವನ್ನು ಕಾಪಾಡುವಂತೆ ಮಹಾರಾಜರನ್ನು ಒಪ್ಪಿಸಿದರು. 1940ರಲ್ಲಿ ಅದು ಪಕ್ಷಿಧಾಮವಾಯಿತು.

1950ರಲ್ಲಿ ಸ್ವೀಡನ್ನಿನ ಉಪ್ಸಾಲಾದಲ್ಲಿ ಪಕ್ಷಿತಜ್ಞರ ಅಂತರರಾಷ್ಟ್ರೀಯ ಸಮ್ಮೇಳನವಿತ್ತು. 53 ವರ್ಷದ ಸಲೀಂ ಅಲಿ ತಮ್ಮ ಮೋಟಾರ್ ಸೈಕಲನ್ನು ಹಡಗಿನಲ್ಲಿ ಯುರೋಪಿಗೆ ಸಾಗಿಸಿ, ಅದರಲ್ಲೇ ಸುತ್ತಿ ಅಲ್ಲಿಗೆ ತಲುಪಿದರು!

ಅಮೆರಿಕದ ಡಿಲನ್ ರಿಪ್ಲೆ ಅವರೊಂದಿಗೆ ಬರೆದ ಭಾರತ, ಪಾಕಿಸ್ತಾನದ ಹಕ್ಕಿಗಳ ಮಹಾಗ್ರಂಥದ ಹತ್ತು ಸಂಪುಟಗಳು ಬಂದದ್ದು 1968ರಿಂದ 1974ರ ನಡುವೆ. ಅಂದರೆ ಎಲ್ಲರೂ ನಿವೃತ್ತರಾಗಿ ಮನೆಯಲ್ಲಿರುವ ವಯಸ್ಸಿನಲ್ಲಿ. 1876ರ ನಂತರ ಯಾರಿಗೂ ಖಚಿತವಾಗಿ ಕಾಣದ ಒಂದು ಲಾವುಗೆ ಹಕ್ಕಿಯನ್ನು ಹುಡುಕುತ್ತಾ ಇಳಿವಯಸ್ಸಿನಲ್ಲೂ ಹಿಮಾಲಯಕ್ಕೆ ಹೋದರು. ಅದು ಸಿಗಲಿಲ್ಲ. 1985ರಲ್ಲಿ, 88ನೇ ವಯಸ್ಸಿನಲ್ಲಿ, ಆತ್ಮಕಥೆ ಪ್ರಕಟಿಸಿದರು. ಅದೇ ವರ್ಷ ರಾಜ್ಯಸಭೆಗೆ ನಾಮಕರಣಗೊಂಡರು. ಕ್ಯಾನ್ಸರ್‌ನಿಂದ ಬಳಲಿ 1987ರ ಜೂನ್ 20ರಂದು, 90ನೇ ವಯಸ್ಸಿನಲ್ಲಿ ನಿಧನರಾದರು.

ನಡೆಯುವವರೆಲ್ಲ ತೊಂಬತ್ತು ವರ್ಷ ಬದುಕುತ್ತಾರೆ ಎಂದು ನಾನು ಹೇಳುವುದಿಲ್ಲ. ಆಯುಸ್ಸು ಅಲ್ಲಾಹನ ಕೈಯಲ್ಲಿದೆ. ಆದರೆ ಇರುವ ವರ್ಷಗಳು ಹೇಗಿರುತ್ತವೆ ಎಂಬುದರಲ್ಲಿ ನಮ್ಮ ಪಾಲೂ ಇದೆ. ವಯಸ್ಸಾದಂತೆ ಸ್ನಾಯುಗಳು ಸೊರಗುತ್ತವೆ, ಬಳಸದಿದ್ದರೆ ಇನ್ನೂ ಬೇಗ ಸೊರಗುತ್ತವೆ. ನಡೆಯುವವರ ಕಾಲಿಗೆ ಬಲ ಉಳಿಯುತ್ತದೆ, ನಿದ್ದೆ ಚೆನ್ನಾಗಿ ಬರುತ್ತದೆ. ವಾರಕ್ಕೆ ಕನಿಷ್ಠ 150 ನಿಮಿಷ ಚುರುಕು ನಡಿಗೆಯಂಥ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 65 ದಾಟಿದವರು ಬೀಳದಂತೆ ಸಮತೋಲನದ ವ್ಯಾಯಾಮವನ್ನೂ ಮಾಡಬೇಕಂತೆ.

ನಮ್ಮ ಮನೆಗೆ ಬರುವ ನೆಂಟರೆಲ್ಲ ನನ್ನ ದಾದಾ ಅವರಿಗೆ ಇನ್ನು ಆರಾಮಾಗಿ ಕೂತಿರಿ ಎನ್ನುತ್ತಾರೆ. ಅವರು ನಕ್ಕು ಸುಮ್ಮನಾಗುತ್ತಾರೆ. ಮರುದಿನ ಫಜರ್ ನಮಾಜಿಗೆ ನಡೆದೇ ಹೋಗಿ, ಬರುವಾಗ ಹಾಲು ತರುತ್ತಾರೆ. ಸಲೀಂ ಅಲಿಯವರಿಗೆ ಹಕ್ಕಿ ಇದ್ದ ಹಾಗೆ, ದಾದಾಗೆ ಮಸೀದಿಯೂ ಹಾಲಿನ ಅಂಗಡಿಯೂ ಇವೆ. ಹೊರಡಲು ಒಂದು ಕಾರಣ ಇದ್ದವರು ದಿನಾ ಹೊರಡುತ್ತಾರೆ.

ಈ ರಜೆಯಲ್ಲಿ ರಂಗನತಿಟ್ಟಿಗೆ ಹೋಗುವ ಗೆಳೆಯರು ಮನೆಯ ಹಿರಿಯರನ್ನೂ ಕರೆದುಕೊಂಡು ಹೋಗಿ.