ಮುಖಕ್ಕೆ ಬಟ್ಟೆ ಕಟ್ಟಿಸಿದ ವೈದ್ಯ: ಡಾ. ವೂ ಲಿಯೆನ್-ಟೆ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಒಬ್ಬ ಮಹನೀಯರ ಜೀವನ ಪರಿಚಯ ಬರೆದುಕೊಡಬೇಕೆಂದು ಸಮಿತಿಯ ಹಿರಿಯರು ಕೇಳಿದರು. ಗಾಂಧೀಜಿ, ವಿಶ್ವೇಶ್ವರಯ್ಯ, ಅಬ್ದುಲ್ ಕಲಾಂ ಇವರ ಬಗ್ಗೆ ನನಗಿಂತ ಚೆನ್ನಾಗಿ ಬರೆಯಬಲ್ಲ ಗುರುಗಳು ನಮ್ಮಲ್ಲಿದ್ದಾರೆ. ಆದ್ದರಿಂದ ನನ್ನ ಕೆಲಸದ ದಾರಿಯಲ್ಲಿ ನನಗೆ ಪರಿಚಯವಾದ ಒಬ್ಬ ವೈದ್ಯರನ್ನು ನಿಮಗೂ ಪರಿಚಯಿಸುತ್ತೇನೆ. ಅವರ ಹೆಸರು ಡಾ. ವೂ ಲಿಯೆನ್-ಟೆ. ಚೀನಾ ಮತ್ತು ಮಲೇಷ್ಯಾ ದೇಶಗಳಲ್ಲಿ ಅವರದು ದೊಡ್ಡ ಹೆಸರು.

ನಾನು ಈ ಶಾಲೆಯಲ್ಲಿ ಹತ್ತನೇ ತರಗತಿ ಮುಗಿಸಿ, ಪಿಯುಸಿ ಆದಮೇಲೆ ಬಿಇ ಓದಿ, ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದೇನೆ. ಸಾಫ್ಟ್‌ವೇರ್ ಎಂದರೆ ಬ್ಯಾಂಕಿನದೋ ಮೊಬೈಲಿನದೋ ಇರಬೇಕೆಂದು ಊರಿಗೆ ಬಂದಾಗ ಎಲ್ಲರೂ ಕೇಳುತ್ತಾರೆ. ನನ್ನದು ಬಟ್ಟೆ ನೋಡುವ ಕೆಲಸ. ಮಾಸ್ಕ್, ಆಪರೇಷನ್ ಕೋಣೆಯ ಗೌನು, ಸ್ಯಾನಿಟರಿ ಪ್ಯಾಡ್, ಮಕ್ಕಳ ಡೈಪರ್ ಇವುಗಳಿಗೆ ಬೇಕಾದ ಬಟ್ಟೆ ಕಾರ್ಖಾನೆಯಲ್ಲಿ ಸುರುಳಿ ಸುರುಳಿಯಾಗಿ ಓಡುತ್ತಿರುವಾಗ ಕ್ಯಾಮೆರಾಗಳು ಅದರ ಚಿತ್ರ ತೆಗೆಯುತ್ತವೆ. ಎಲ್ಲಿ ತೂತಿದೆ, ಎಲ್ಲಿ ತೆಳುವಾಗಿದೆ, ಎಲ್ಲಿ ಕರಗಿದ ಪ್ಲಾಸ್ಟಿಕ್‌ನ ಹನಿ ಗಟ್ಟಿಯಾಗಿ ಕೂತಿದೆ ಎಂದು ಹುಡುಕುವ ಪ್ರೋಗ್ರಾಂ ಬರೆಯುವುದು ನಮ್ಮ ತಂಡದ ಕೆಲಸ.

ಈ ಬಟ್ಟೆಗೆ ಮಗ್ಗವಿಲ್ಲ, ಹಾಸಿಲ್ಲ, ಹೊಕ್ಕಿಲ್ಲ. ಇದನ್ನು ನಾನ್‌ವೋವನ್, ಅಂದರೆ ನೇಯದ ಬಟ್ಟೆ ಎನ್ನುತ್ತಾರೆ. ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ ಕಾಳನ್ನು ಕರಗಿಸಿ, ಸಣ್ಣ ಸಣ್ಣ ರಂಧ್ರಗಳ ಮೂಲಕ ಎಳೆಯಾಗಿ ಇಳಿಸಿ, ಓಡುವ ಬೆಲ್ಟಿನ ಮೇಲೆ ಹರಡಿ, ಬಿಸಿ ರೋಲರ್ ನಡುವೆ ಒತ್ತಿ ಅಂಟಿಸುತ್ತಾರೆ. ಸರ್ಜಿಕಲ್ ಮಾಸ್ಕ್‌ನಲ್ಲಿ ಇಂಥ ಎರಡು ಪದರಗಳ ನಡುವೆ ಇನ್ನೊಂದು ಪದರ ಇರುತ್ತದೆ. ರೋಗಾಣು ತಡೆಯುವ ಹೆಚ್ಚಿನ ಕೆಲಸ ಅದರದೇ. ಆ ಪದರ ಮಾಡುವಾಗ ಕರಗಿದ ಎಳೆಯ ಮೇಲೆ ಬಿಸಿ ಗಾಳಿಯನ್ನು ರಭಸದಿಂದ ಊದುತ್ತಾರೆ. ಎಳೆ ಕೆಲವೇ ಮೈಕ್ರಾನ್‌ನಷ್ಟು, ನಮ್ಮ ತಲೆಗೂದಲಿಗಿಂತ ಹತ್ತಾರು ಪಟ್ಟು ತೆಳ್ಳಗಾಗುತ್ತದೆ. ಗಾಳಿ ಆ ಎಳೆಗಳ ಸಿಕ್ಕಿನೊಳಗೆ ಸುತ್ತಿ ಬಳಸಿ ದಾಟುತ್ತದೆ, ಹನಿ ಮತ್ತು ಧೂಳು ಎಳೆಗೆ ಅಂಟಿಕೊಂಡು ಉಳಿಯುತ್ತವೆ. ಎಳೆಗಳಿಗೆ ವಿದ್ಯುದಾವೇಶ ಕೊಟ್ಟಿದ್ದರೆ ಇನ್ನೂ ಚೆನ್ನಾಗಿ ಹಿಡಿಯುತ್ತವೆ. ಈ ಮೂರು ಪದರದ ಮಾಸ್ಕ್‌ನ ಹಿಂದಿನ ಕಥೆ ಹುಡುಕುತ್ತಾ ಹೋದಾಗಲೇ ನನಗೆ ಡಾ. ವೂ ಸಿಕ್ಕಿದ್ದು.

ಅವರು ಹುಟ್ಟಿದ್ದು 1879ರ ಮಾರ್ಚ್ 10ರಂದು, ಆಗ ಬ್ರಿಟಿಷರ ಕೈಯಲ್ಲಿದ್ದ ಪೆನಾಂಗ್ ದ್ವೀಪದಲ್ಲಿ. ತಂದೆ ಚೀನಾದಿಂದ ಹೊಟ್ಟೆಪಾಡಿಗೆ ಬಂದು ನೆಲೆಸಿದ ಅಕ್ಕಸಾಲಿಗರು. ದೊಡ್ಡ ಸಂಸಾರ. ಹುಡುಗ ಪೆನಾಂಗ್ ಫ್ರೀ ಸ್ಕೂಲ್‌ನಲ್ಲಿ ಓದಿ, 1896ರಲ್ಲಿ ಕ್ವೀನ್ಸ್ ಸ್ಕಾಲರ್‌ಶಿಪ್ ಎಂಬ ಸ್ಪರ್ಧಾತ್ಮಕ ವಿದ್ಯಾರ್ಥಿವೇತನ ಗೆದ್ದುಕೊಂಡು ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದ ಎಮ್ಯಾನುಯೆಲ್ ಕಾಲೇಜು ಸೇರಿದರು. ಅಲ್ಲಿ ವೈದ್ಯಕೀಯ ಓದಿದ ಚೀನೀ ಮೂಲದ ಮೊದಲ ವಿದ್ಯಾರ್ಥಿ ಅವರೇ. ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ತರಬೇತಿಯಾಯಿತು. ಅನಂತರ ಲಿವರ್‌ಪೂಲ್, ಜರ್ಮನಿಯ ಹಾಲೆ, ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಗಳಲ್ಲಿ ರೋಗಾಣುಗಳ ಬಗ್ಗೆ ಹೆಚ್ಚಿನ ಅಧ್ಯಯನ ಮಾಡಿದರು.

ಇಷ್ಟೆಲ್ಲ ಓದಿ 1903ರಲ್ಲಿ ಊರಿಗೆ ಮರಳಿದರೆ ಸರ್ಕಾರಿ ವೈದ್ಯಕೀಯ ಸೇವೆಯ ಮೇಲಿನ ಹುದ್ದೆಗಳ ಬಾಗಿಲು ಅವರಿಗೆ ಮುಚ್ಚಿತ್ತು. ಅವು ಯುರೋಪಿಯನ್ ವಂಶದ ಬ್ರಿಟಿಷರಿಗೆ ಮಾತ್ರ ಮೀಸಲು. ಅಂಕಪಟ್ಟಿ, ಪದಕ ಯಾವುದೂ ಲೆಕ್ಕಕ್ಕೆ ಬರಲಿಲ್ಲ. ಕೌಲಾಲಂಪುರದ ಸಂಶೋಧನಾ ಸಂಸ್ಥೆಯಲ್ಲಿ ಒಂದು ವರ್ಷ ಬೆರಿಬೆರಿ ರೋಗದ ಅಧ್ಯಯನ ಮಾಡಿ, ಪೆನಾಂಗಿಗೆ ಬಂದು ಸ್ವಂತ ಷಾಪು ತೆರೆದರು. ಆಗ ಅಫೀಮು ಅಲ್ಲಿನ ಮನೆಮನೆ ಹಾಳುಮಾಡುತ್ತಿತ್ತು. ಸರ್ಕಾರಕ್ಕೆ ಅದರಿಂದ ಆದಾಯವೂ ಇತ್ತು. ಯುವಕ ವೈದ್ಯರು ಅಫೀಮು ವಿರೋಧಿ ಸಂಘದ ಅಧ್ಯಕ್ಷರಾಗಿ ಹೋರಾಟಕ್ಕಿಳಿದರು. ದೊಡ್ಡವರ ಸಿಟ್ಟು ಬೆನ್ನಟ್ಟಿ ಬಂತು. 1907ರಲ್ಲಿ ಅವರ ಷಾಪಿನಲ್ಲಿ ಒಂದು ಔನ್ಸ್ ಅಫೀಮಿನ ಟಿಂಕ್ಚರ್ ಸಿಕ್ಕಿತೆಂದು ಮೊಕದ್ದಮೆ ಹೂಡಿ ದಂಡ ಹಾಕಲಾಯಿತು. ಅಫೀಮಿನ ವಿರುದ್ಧ ಹೋರಾಡಿದವರಿಗೇ ಅಫೀಮು ಇಟ್ಟುಕೊಂಡ ಆರೋಪ!

ಹೊತ್ತಿಗೆ ಸರಿಯಾಗಿ ಚೀನಾದಿಂದ ಕರೆ ಬಂತು. 1908ರಲ್ಲಿ ಅವರು ತಿಯೆಂಟ್ಸಿನ್ ನಗರದ ಸೈನ್ಯದ ವೈದ್ಯಕೀಯ ಕಾಲೇಜಿನ ಉಪನಿರ್ದೇಶಕರಾದರು. ಪೂರ್ವಜರ ದೇಶವಾದರೂ ಅಲ್ಲಿನ ಆಡಳಿತ ಭಾಷೆ ಮ್ಯಾಂಡರಿನ್ ಅವರಿಗೆ ಸರಿಯಾಗಿ ಬರುತ್ತಿರಲಿಲ್ಲ, ಕಲಿಯಬೇಕಾಯಿತು. ಪೆನಾಂಗಿನ ದಾಖಲೆಗಳಲ್ಲಿ ನೋ ಲೀನ್ ಟಕ್ ಎಂದಿದ್ದ ಹೆಸರು ಮ್ಯಾಂಡರಿನ್ ಉಚ್ಚಾರಣೆಯಲ್ಲಿ ವೂ ಲಿಯೆನ್-ಟೆ ಆಯಿತು.

1910ರ ಚಳಿಗಾಲದಲ್ಲಿ ಚೀನಾದ ಈಶಾನ್ಯ ಭಾಗವಾದ ಮಂಚೂರಿಯಾದಲ್ಲಿ ಜನ ಸಾಯತೊಡಗಿದರು. ಜ್ವರ, ಕೆಮ್ಮು, ಕಫದಲ್ಲಿ ರಕ್ತ, ಎರಡು ಮೂರು ದಿನಗಳಲ್ಲಿ ಸಾವು. ಅಲ್ಲಿ ರಷ್ಯನ್ನರ ಮತ್ತು ಜಪಾನೀಯರ ಹಿಡಿತದಲ್ಲಿದ್ದ ರೈಲುಮಾರ್ಗಗಳಿದ್ದವು. ರೋಗ ಹತೋಟಿಗೆ ಬಾರದಿದ್ದರೆ ಅದೇ ನೆಪದಲ್ಲಿ ಆ ದೇಶಗಳು ಒಳನುಗ್ಗುವ ಭಯ ಚೀನಾ ಸರ್ಕಾರಕ್ಕಿತ್ತು. ಡಿಸೆಂಬರ್ 24ರಂದು ಡಾ. ವೂ ಹಾರ್ಬಿನ್ ನಗರಕ್ಕೆ ಬಂದಿಳಿದರು. ಆಗ ಅವರ ವಯಸ್ಸು 31, ಇಂದಿನ ನನಗಿಂತ ಕಡಿಮೆ. ಹಾರ್ಬಿನ್ ಪಕ್ಕದ ಫೂಜಿಯಾದಿಯನ್ ಎಂಬ ಚೀನೀ ಬಡಾವಣೆಯಲ್ಲಿ ಸುಮಾರು 24,000 ಜನ ಚಳಿಗೆ ಕಿಟಕಿ ಬಾಗಿಲು ಮುಚ್ಚಿಕೊಂಡು, ಒಂದೊಂದು ಕೋಣೆಯಲ್ಲಿ ಹತ್ತಾರು ಜನರಂತೆ ವಾಸವಾಗಿದ್ದರು.

ಇಲ್ಲಿ ನಮ್ಮ ನಾಡಿನ ನೆನಪೊಂದನ್ನು ಹೇಳಬೇಕು. ಪ್ಲೇಗು ನಮ್ಮವರಿಗೆ ಹೊಸದಲ್ಲ. 1898ರಲ್ಲಿ ಅದು ಬೆಂಗಳೂರಿಗೆ ಬಂದು ಊರನ್ನೇ ನಡುಗಿಸಿತು. ಬಸವನಗುಡಿ, ಮಲ್ಲೇಶ್ವರದಂಥ ಗಾಳಿ ಬೆಳಕಿನ ಬಡಾವಣೆಗಳು ಬೆಳೆದದ್ದು ಆ ಕಾಲದಲ್ಲಿ. ಪ್ಲೇಗಿನ ಮಾರಮ್ಮನ ಗುಡಿಗಳು ಇಂದಿಗೂ ಇವೆ. ಅಟ್ಟದಿಂದ ಇಲಿ ಸತ್ತುಬಿದ್ದರೆ ಊರಿಗೆ ಊರೇ ಖಾಲಿ ಮಾಡಿ ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರೆಂದು ನಮ್ಮ ಅಜ್ಜಂದಿರು ಅವರ ಅಜ್ಜಂದಿರಿಂದ ಕೇಳಿದ್ದರು. ಅದು ಬಗಲಲ್ಲಿ, ತೊಡೆಸಂದಿಯಲ್ಲಿ ಗಡ್ಡೆ ಏಳುವ ಪ್ಲೇಗು. ಇಲಿಯ ಮೈಮೇಲಿನ ಚಿಗಟದಿಂದ ಬರುವಂಥದ್ದು. ಆಗ ವೈದ್ಯರಲ್ಲಿ ಹೆಚ್ಚಿನವರು ಪ್ಲೇಗು ಹರಡುವುದು ಹೀಗೇ ಎಂದು ನಂಬಿದ್ದರು.

ಹಾರ್ಬಿನ್‌ನಲ್ಲಿ ಲೆಕ್ಕ ಕೂಡಲಿಲ್ಲ. ಅಲ್ಲಿದ್ದ ಜಪಾನೀ ವೈದ್ಯರೊಬ್ಬರು ನೂರಾರು ಇಲಿಗಳನ್ನು ಕೊಯ್ದು ನೋಡಿದ್ದರು, ಒಂದರಲ್ಲೂ ರೋಗಾಣು ಸಿಕ್ಕಿರಲಿಲ್ಲ. ಡಿಸೆಂಬರ್ 27ರಂದು ಡಾ. ವೂ, ಚೀನೀಯನೊಬ್ಬನನ್ನು ಮದುವೆಯಾಗಿದ್ದ ಜಪಾನೀ ಹೆಂಗಸೊಬ್ಬಳ ಶವಪರೀಕ್ಷೆ ಮಾಡಿದರು. ಶವ ಕೊಯ್ಯುವುದು ಅಲ್ಲಿನ ಸಂಪ್ರದಾಯಕ್ಕೆ ತೀರಾ ವಿರುದ್ಧವಾದ್ದರಿಂದ ಗುಟ್ಟಾಗಿ ಮಾಡಬೇಕಾಯಿತು. ಶ್ವಾಸಕೋಶದಲ್ಲಿ, ರಕ್ತದಲ್ಲಿ ಪ್ಲೇಗಿನ ರೋಗಾಣು ತುಂಬಿತ್ತು. ಗಡ್ಡೆ ಇಲ್ಲ, ಇಲಿಯಲ್ಲಿ ರೋಗವಿಲ್ಲ, ಒಂದೇ ಕೋಣೆಯಲ್ಲಿ ಮಲಗಿದವರೆಲ್ಲ ಸಾಯುತ್ತಿದ್ದಾರೆ. ಹಾಗಿದ್ದರೆ ರೋಗ ಮನುಷ್ಯನಿಂದ ಮನುಷ್ಯನಿಗೆ ಕೆಮ್ಮಿನ ಹನಿಯಿಂದ, ಉಸಿರಿನ ಮೂಲಕ ದಾಟುತ್ತಿದೆ ಎಂದು ಅವರು ತೀರ್ಮಾನಿಸಿದರು. ಇದು ಶ್ವಾಸಕೋಶದ ಪ್ಲೇಗು. ಮೂಲದಲ್ಲಿ ಅದು ಬಂದದ್ದು ತಾರ್ಬಗಾನ್ ಎಂಬ, ಬಿಲದಲ್ಲಿ ವಾಸಿಸುವ ಅಳಿಲಿನ ಕುಲದ ದೊಡ್ಡ ಪ್ರಾಣಿಯಿಂದ. ಅದರ ತುಪ್ಪಳಕ್ಕೆ ಒಳ್ಳೆಯ ಬೆಲೆ ಬಂದಿತ್ತು, ಅನುಭವವಿಲ್ಲದ ಕೂಲಿಯವರೂ ಬೇಟೆಗಿಳಿದಿದ್ದರು.

ರೋಗ ಉಸಿರಿನಿಂದ ಬರುವುದಾದರೆ ಉಸಿರಿಗೇ ಕಾವಲು ಬೇಕು. ಯುರೋಪಿನ ಕೆಲವು ಶಸ್ತ್ರವೈದ್ಯರು 1897ರಿಂದಲೇ ಆಪರೇಷನ್ ವೇಳೆ ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದರು. ಅದು ವೈದ್ಯರ ಬಾಯಿಯಿಂದ ರೋಗಿಯ ಗಾಯಕ್ಕೆ ಹನಿ ಬೀಳದಿರಲೆಂದು. ಡಾ. ವೂ ಅದನ್ನು ತಿರುಗಿಸಿ, ಕಟ್ಟಿಕೊಂಡವರನ್ನೇ ಕಾಯುವಂತೆ ಬಲಪಡಿಸಿದರು. ಗಾಯಕ್ಕೆ ಸುತ್ತುವ ಗಾಜ್ ಬಟ್ಟೆಯನ್ನು ಮಡಿಸಿ, ನಡುವೆ ಆಸ್ಪತ್ರೆಯ ಹತ್ತಿಯ ಚಪ್ಪಟೆ ಪದರವಿಟ್ಟು, ಬಟ್ಟೆಯ ಎರಡೂ ತುದಿ ಸೀಳಿ ತಲೆಯ ಹಿಂದೆ ಬಿಗಿಯಾಗಿ ಕಟ್ಟುವಂತೆ ಮಾಡಿದರು. ಎಲ್ಲ ಕಡೆ ಸಿಗುವ ಸಾಮಾನು, ಕಡಿಮೆ ಬೆಲೆ, ಯಾರು ಬೇಕಾದರೂ ಮಾಡಬಹುದು. ನನ್ನ ಕಣ್ಣಿಗೆ ಬಿದ್ದದ್ದು ಆ ನಡುವಿನ ಹತ್ತಿ. ಗಾಜ್ ನೇಯ್ದ ಬಟ್ಟೆ, ಅದರ ಕೆಲಸ ಹಿಡಿದಿಡುವುದು. ಶೋಧಿಸುವ ಕೆಲಸ ನೇಯದೆ ಹಾಗೆಯೇ ಹರಡಿದ ಎಳೆಗಳ ಪದರದ್ದು. ಇಂದಿನ ಮಾಸ್ಕ್‌ನ ಮೂರು ಪದರಗಳಲ್ಲಿಯೂ ಇದೇ ಕೆಲಸದ ಹಂಚಿಕೆ. ಹತ್ತಿಯ ಜಾಗಕ್ಕೆ ಅದಕ್ಕಿಂತ ಬಹಳ ತೆಳುವಾದ ಪ್ಲಾಸ್ಟಿಕ್ ಎಳೆ ಬಂದಿದೆ.

ಮಾಸ್ಕ್ ಮಾಡಿದ್ದಕ್ಕಿಂತ ಕಟ್ಟಿಸುವುದು ಕಷ್ಟವಾಯಿತು. ಜೆರಾಲ್ಡ್ ಮೆಸ್ನಿ ಎಂಬ ಫ್ರೆಂಚ್ ವೈದ್ಯರು ಹಾರ್ಬಿನ್‌ಗೆ ಬಂದರು. ವಯಸ್ಸಿನಲ್ಲೂ ಅನುಭವದಲ್ಲೂ ಹಿರಿಯರು, ಹಿಂದೆ ಪ್ಲೇಗು ನಿಭಾಯಿಸಿದವರು. ಇಲಿ ಹಿಡಿಯುವುದನ್ನು ಬಿಟ್ಟು ಗಾಳಿಯ ಮಾತಾಡುವ ಈ ಚೀನೀ ಯುವಕನ ಮಾತನ್ನು ಅವರು ಒಪ್ಪಲಿಲ್ಲ, ಅವಮಾನಿಸಿದರು. ಡಾ. ವೂ ರಾಜೀನಾಮೆ ಕೊಡಲು ಮುಂದಾದಾಗ ಸರ್ಕಾರ ಅವರ ಪರ ನಿಂತಿತು. ಮೆಸ್ನಿ ರಷ್ಯನ್ ಆಸ್ಪತ್ರೆಗೆ ಹೋಗಿ ಮಾಸ್ಕ್ ಇಲ್ಲದೆ ಪ್ಲೇಗು ರೋಗಿಗಳನ್ನು ಪರೀಕ್ಷಿಸಿದರು. ಕೆಲವೇ ದಿನಗಳಲ್ಲಿ, 1911ರ ಜನವರಿ 11ರಂದು, ಅದೇ ರೋಗದಿಂದ ತೀರಿಕೊಂಡರು. ಅವರೂ ಸೇವೆಗೆಂದೇ ಬಂದ ವೈದ್ಯರು. ಅವರ ಸಾವನ್ನು ಗೆಲುವೆಂದು ಯಾರೂ ನೋಡುವಂತಿಲ್ಲ. ಆದರೆ ಆ ಸುದ್ದಿ ಹರಡಿದ ಮೇಲೆ ಬೀದಿಯಲ್ಲಿ ಮಾಸ್ಕ್ ಇಲ್ಲದ ಮುಖ ಅಪರೂಪವಾಯಿತು.

ಡಾ. ವೂ ಬರೀ ಮಾಸ್ಕ್ ನೆಚ್ಚಿ ಕೂರಲಿಲ್ಲ. ಬಡಾವಣೆಯನ್ನು ನಾಲ್ಕು ಭಾಗ ಮಾಡಿ, ಒಂದೊಂದು ಭಾಗದವರ ತೋಳಿಗೆ ಒಂದೊಂದು ಬಣ್ಣದ ಪಟ್ಟಿ ಕಟ್ಟಿಸಿದರು. ಒಂದರಿಂದ ಇನ್ನೊಂದಕ್ಕೆ ಪರವಾನಗಿ ಇಲ್ಲದೆ ಹೋಗುವಂತಿಲ್ಲ. ಸಾವಿರಕ್ಕೂ ಹೆಚ್ಚು ಸೈನಿಕರು ಕಾವಲಿಗೆ ನಿಂತರು. ರೋಗಿಗಳ ಜೊತೆಯಲ್ಲಿದ್ದವರನ್ನು ಬೇರೆ ಇರಿಸಲು ರಷ್ಯನ್ ರೈಲ್ವೆಯಿಂದ 120 ಗೂಡ್ಸ್ ಬೋಗಿಗಳನ್ನು ಕೇಳಿ ಪಡೆದರು. ಹೊಸ ವರ್ಷದ ಹಬ್ಬಕ್ಕೆ ಊರಿಗೆ ಹೊರಟ ಕೂಲಿಯವರ ಜೊತೆ ರೋಗವೂ ಪ್ರಯಾಣ ಮಾಡದಂತೆ ರೈಲು ಸಂಚಾರಕ್ಕೆ ಕಡಿವಾಣ ಬಿತ್ತು.

ಅತಿ ಕಷ್ಟದ ಕೆಲಸ ಇನ್ನೂ ಇತ್ತು. ನೆಲ ಕಲ್ಲಿನಂತೆ ಹೆಪ್ಪುಗಟ್ಟಿದ್ದರಿಂದ ಗುಂಡಿ ತೋಡಲಾಗದೆ ಸ್ಮಶಾನದಲ್ಲಿ 2,000ಕ್ಕೂ ಹೆಚ್ಚು ಶವಗಳು ರಾಶಿ ಬಿದ್ದಿದ್ದವು. ಸುಡುವುದು ನಮಗೆ ಸಹಜ, ಹೂಳುವ ಪದ್ಧತಿಯ ಆ ಜನಕ್ಕೆ ಅದು ಹಿರಿಯರಿಗೆ ಮಾಡುವ ದ್ರೋಹ. ಡಾ. ವೂ ಊರಿನ ಮುಖಂಡರನ್ನು ಸ್ಮಶಾನಕ್ಕೇ ಕರೆದೊಯ್ದು ತೋರಿಸಿ ಒಪ್ಪಿಸಿದರು, ಚಕ್ರವರ್ತಿಯ ಆಸ್ಥಾನಕ್ಕೆ ಅರ್ಜಿ ಬರೆದರು. ಅಪ್ಪಣೆ ಬಂತು. ಜನವರಿ 31ರಂದು, ಹೊಸ ವರ್ಷದ ಮರುದಿನ, ಶವಗಳಿಗೆ ಬೆಂಕಿ ಕೊಡಲಾಯಿತು. ಅಲ್ಲಿಂದ ಸಾವಿನ ಸಂಖ್ಯೆ ಇಳಿಯುತ್ತಾ ಬಂತು. ಮಾರ್ಚ್ 1ರಂದು ಫೂಜಿಯಾದಿಯನ್‌ನ ಕೊನೆಯ ರೋಗಿಯ ದಾಖಲೆ. ಮಂಚೂರಿಯಾ ಮತ್ತು ಸುತ್ತಲಿನ ಪ್ರಾಂತ್ಯಗಳಲ್ಲಿ ಒಟ್ಟು ಸುಮಾರು 60,000 ಜನ ಸತ್ತಿದ್ದರು. ರೋಗ ಬಂದವರಲ್ಲಿ ಉಳಿದವರು ಇಲ್ಲವೆಂದೇ ಹೇಳಬಹುದು. ಔಷಧವಿಲ್ಲದ ಕಾಲದಲ್ಲಿ, ಬಟ್ಟೆ, ಹತ್ತಿ, ಬೋಗಿ, ಬೆಂಕಿ ಇಷ್ಟರಿಂದಲೇ ಅದನ್ನು ನಿಲ್ಲಿಸಿದ್ದು.

ಏಪ್ರಿಲ್‌ನಲ್ಲಿ ಮುಕ್ಡೆನ್ ನಗರದಲ್ಲಿ 11 ದೇಶಗಳ ತಜ್ಞರ ಪ್ಲೇಗು ಸಮ್ಮೇಳನ ನಡೆಯಿತು. ಅಧ್ಯಕ್ಷ ಪೀಠದಲ್ಲಿ ಕೂತವರು ಡಾ. ವೂ. ಸ್ವಂತ ಊರಿನ ಸರ್ಕಾರಿ ಸೇವೆಯಲ್ಲಿ ಚರ್ಮದ ಬಣ್ಣ ನೋಡಿ ಕುರ್ಚಿ ನಿರಾಕರಿಸಿದ ಬ್ರಿಟನ್ನಿನ ಪ್ರತಿನಿಧಿಗಳೂ ಆ ಸಭೆಯಲ್ಲಿದ್ದರು.

ಮುಂದಿನ ಜೀವನವೂ ಕೆಲಸದಲ್ಲೇ ಕಳೆಯಿತು. 1912ರಿಂದ ಮಂಚೂರಿಯಾದ ಪ್ಲೇಗು ನಿವಾರಣಾ ಸೇವೆಯ ಮುಖ್ಯಸ್ಥರಾದರು. 1915ರಲ್ಲಿ ಚೀನೀ ವೈದ್ಯರ ಸಂಘದ ಸ್ಥಾಪನೆಯಲ್ಲಿ ಮುಂದಾಳಾದರು. 1920-21ರಲ್ಲಿ ಪ್ಲೇಗು ಮತ್ತೆ ಬಂದಾಗ ವ್ಯವಸ್ಥೆ ಸಿದ್ಧವಿತ್ತು, ಸಾವು 10,000ದ ಒಳಗೆ ನಿಂತಿತು. 1935ರಲ್ಲಿ ನೊಬೆಲ್ ಪ್ರಶಸ್ತಿಗೆ ಅವರ ಹೆಸರು ಸೂಚಿತವಾಗಿತ್ತು. 1937ರಲ್ಲಿ ಜಪಾನ್ ಚೀನಾದ ಮೇಲೆ ದಂಡೆತ್ತಿ ಬಂದಾಗ ಮಲಯಾಕ್ಕೆ ಮರಳಿ, ಇಪೊ ಪಟ್ಟಣದಲ್ಲಿ ಸಾಮಾನ್ಯ ವೈದ್ಯರಾಗಿ ರೋಗಿಗಳನ್ನು ನೋಡುತ್ತಾ ಕೂತರು. 1960ರ ಜನವರಿ 21ರಂದು, ಹುಟ್ಟಿದ ಪೆನಾಂಗಿನಲ್ಲೇ, 80ನೇ ವಯಸ್ಸಿನಲ್ಲಿ ತೀರಿಕೊಂಡರು.

ಕೊರೊನಾ ಕಾಲದಲ್ಲಿ ನಾವೆಲ್ಲ ಮಾಸ್ಕ್ ಹಾಕಿದ್ದೇವೆ, ಗಲ್ಲಕ್ಕೆ ಇಳಿಸಿಕೊಂಡು ಓಡಾಡಿದವರನ್ನೂ ನೋಡಿದ್ದೇವೆ. ಬಟ್ಟೆ ಎಷ್ಟೇ ಚೆನ್ನಾಗಿದ್ದರೂ ಮೂಗಿನ ಮೇಲೆ ಇದ್ದರೆ ತಾನೇ ಕೆಲಸ ಮಾಡುವುದು. ನನ್ನ ಪ್ರೋಗ್ರಾಂ ಒಂದು ಸಣ್ಣ ತೂತನ್ನು ಹಿಡಿಯಬಲ್ಲದು, ಅಪನಂಬಿಕೆಯನ್ನು ಹಿಡಿಯಲಾರದು. ಆ ಕೆಲಸ ಆಶಾ ಕಾರ್ಯಕರ್ತೆಯರು, ಶಿಕ್ಷಕರು, ಊರಿನ ಹಿರಿಯರು ಮಾಡಬೇಕಾದದ್ದು, ಡಾ. ವೂ ಮುಖಂಡರನ್ನು ಸ್ಮಶಾನಕ್ಕೆ ಕರೆದೊಯ್ದು ಮಾಡಿದ ಹಾಗೆ. ಇಂದು ಹೆಣ್ಣುಮಕ್ಕಳು ಬಳಸುವ ಪ್ಯಾಡ್‌ಗಳಲ್ಲಿ ಮೈಗೆ ತಾಗುವ ಪದರವೂ ಸಾಮಾನ್ಯವಾಗಿ ಇಂಥ ನೇಯದ ಬಟ್ಟೆಯೇ. ಅದರ ಬಗ್ಗೆಯೂ ನಾಚಿಕೆ ಬಿಟ್ಟು ಮಾತಾಡುವ ಮನೆ, ತರಗತಿಗಳು ಬೇಕು.

ಈಗ ಓದುತ್ತಿರುವ ತಂಗಿ ತಮ್ಮಂದಿರಿಗೆ ಒಂದು ಮಾತು. ಡಾ. ವೂ ಅಕ್ಕಸಾಲಿಗರ ಮಗ, ವಿದ್ಯಾರ್ಥಿವೇತನದಿಂದ ಓದಿದವರು, ಕಣ್ಣಿಗೆ ಕಂಡದ್ದನ್ನು ಹಿರಿಯ ತಜ್ಞರ ಎದುರು ವಿನಯದಿಂದ, ಆದರೆ ಬಗ್ಗದೆ ಹೇಳಿದವರು. ವಿಜ್ಞಾನದ ಪ್ರಯೋಗದಲ್ಲಿ ಪುಸ್ತಕದ ಉತ್ತರ ಬಾರದಿದ್ದಾಗ, ಬಂದದ್ದನ್ನೇ ಬರೆಯಿರಿ ಎಂದು ನಮ್ಮ ಗುರುಗಳು ಕಲಿಸಿದ್ದೂ ಅದನ್ನೇ.